ಬಂಗುಡೆ ಬುಟ್ಟಿಯ ಮೇಲಿನ ಬಲ್ಬು

ಮಾರಾಯ್ರೆ, ಇನ್ನು ಯಾರಿಗೂ ಬಲ್ಬಿನ ವಿಷಯದಲ್ಲಿ ಬುದ್ಧಿ ಹೇಳುವುದಿಲ್ಲ.

ಕುಂದಾಪುರದಲ್ಲಿ ಮೀನು ಮಾರುವ ಗಿರಿಜಕ್ಕನ ಬುಟ್ಟಿಯ ಮೇಲೆ ಅರವತ್ತು ವ್ಯಾಟಿನ ಹಳದಿ ಬಲ್ಬು ಉರಿಯುತ್ತಿತ್ತು. "ಒಂಬತ್ತ್ ವ್ಯಾಟಿನ ಎಲ್‌ಇಡಿ ಹಾಕಿ ಅಕ್ಕ. ಬಲ್ಬಿಗೆ ದುಡ್ಡ್ ಜಾಸ್ತಿ, ಆದ್ರೆ ಬೆಳಕ್ ಅಷ್ಟೇ, ಬಿಲ್ ಕಮ್ಮಿ ಬತ್ತ್" ಎಂದು ನಿನ್ನೆ ನಾನೇ ತಂದು ಹಾಕಿಕೊಟ್ಟಿದ್ದೆ.

ಇಂದು ಸಂಜೆ ಹೋದರೆ ಅಲ್ಲಿ ಜಗಳ. ಗಿರಾಕಿಯೊಬ್ಬರು ಆ ಬಿಳಿ ಬೆಳಕಿಗೆ ಬಂಗುಡೆ ಎತ್ತಿ ಹಿಡಿದು, "ಇದ್ ನಿನ್ನೆ ಮೀನಲ್ದಾ? ಕಣ್ಣ್ ಕಾಣಿ, ಮಬ್ಬಾಯ್ತ್" ಎಂದರು.

"ಬೆಳಿಗ್ಗೆ ಬಂದ ಮೀನ್!" ಗಿರಿಜಕ್ಕ ಕತ್ತಿಯನ್ನು ಹಲಗೆಗೆ ಕುಕ್ಕಿದರು.

ಗಿರಾಕಿ ಮೀನು ಬಿಟ್ಟು ನಡೆದರು. ಹಿಂದೆ ನಿಂತಿದ್ದ ಇಬ್ಬರೂ ನಡೆದರು. ಈಗ ಕತ್ತಿ ನನ್ನ ಕಡೆ ತಿರುಗಿತು.

"ಹ್ವಾಯ್, ನಿಮ್ ಬಲ್ಬ್ ಹಾಕಿ ಕರೆಂಟೂ ಉಳೀತ್, ಮೀನೂ ಉಳೀತ್, ಕಾಣಿ!"

ಅವರು ನನ್ನೆದುರೇ ಹಳೆಯ ಬಲ್ಬನ್ನು ಮತ್ತೆ ಸಿಕ್ಕಿಸಿದರು. ಅದೇ ಬಂಗುಡೆ ಚಿನ್ನದಂತೆ ಹೊಳೆಯಿತು. ಕತ್ತಿ ಇನ್ನೂ ಕೈಯಲ್ಲೇ ಇತ್ತು. ತೆಪ್ಪಗೆ ಒಂದು ಕೆಜಿ ಕೊಂಡೆ.

ನಮ್ಮ ಮನೆಯಲ್ಲಿ ಇರುವುದೆಲ್ಲ ಎಲ್‌ಇಡಿ. ಹೆಂಡತಿ ಚೀಲ ಬಿಚ್ಚಿ ಮೊದಲು ಬಂಗುಡೆಯ ಕಣ್ಣು ನೋಡಿದಳು, ಆಮೇಲೆ ನನ್ನ ಕಣ್ಣು.