ಭಾವನವರು ಆರಿಸಿದ ಹಲ್ಲು

ನನ್ನ ಬಾಯೊಳಗಿನ ಹಲ್ಲಿನ ವಿಷಯದಲ್ಲಿ ನನ್ನೊಬ್ಬಳನ್ನು ಬಿಟ್ಟು ಮನೆಮಂದಿಯೆಲ್ಲ ಮಾತಾಡಿದ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ. ಕೇಳಿದವರು ನಗುತ್ತಾರೆ, ಒಂದು ಹಲ್ಲಿಗೆ ಇಷ್ಟು ಸಿಟ್ಟೇ ಅನ್ನುತ್ತಾರೆ. ಅವರ ಹಲ್ಲಲ್ಲವಲ್ಲ, ನಗಲಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಸವದತ್ತಿಯಿಂದ ಬೈಲಹೊಂಗಲದ ಆ ಮನೆಗೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ನನ್ನ ಗಂಡ ರಾಮದುರ್ಗದ ಕಡೆ ಸಾಲಿ ಮಾಸ್ತರರು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮನೆ ನಡೆಸುತ್ತಿದ್ದವರು ಅವರ ಅಣ್ಣ, ನನ್ನ ಭಾವನವರು. ಪೇಟೆಯಲ್ಲಿ ಅವರದು ಹತ್ತಿಯ ವ್ಯಾಪಾರ. ಒಂದು ಮುಂಜಾನೆ ಓಣಿಯ ಬೋರಿಂಗಿನಲ್ಲಿ ನೀರು ಜಗ್ಗುವಾಗ ಹಿಡಿಕೆ ಕೈ ಜಾರಿ ರಪ್ಪನೆ ಮೇಲೆ ಎದ್ದು ನನ್ನ ಬಾಯಿಗೆ ಬಡಿಯಿತು. ಮೇಲಿನ ಸಾಲಿನ ಮುಂದಿನ ಹಲ್ಲು ಅರ್ಧ ಮುರಿದು ಕೊಡದೊಳಗೇ ಬಿತ್ತು. ಉಳಿದರ್ಧ ತಿಂಗಳೊಪ್ಪತ್ತಿನಲ್ಲಿ ಕಪ್ಪಿಟ್ಟಿತು.

ಆ ಕಾಲಕ್ಕೆ ನಮ್ಮ ಕಡೆ ಹಲ್ಲು ಕೆಟ್ಟರೆ ಕೀಳಿಸುವುದೇ ರೂಢಿ. ಭಾವನವರು ಹಾಗೆ ಮಾಡಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪೇಟೆಯಲ್ಲಿ ಹೊಸದಾಗಿ ದವಾಖಾನೆ ತೆರೆದಿದ್ದ ಹಲ್ಲಿನ ಡಾಕ್ಟರನ್ನು ತಾವೇ ವಿಚಾರಿಸಿ ಬಂದರು. ಬೇರು ಗಟ್ಟಿ ಇದೆಯಂತೆ, ಒಳಗಿನ ಸತ್ತ ನರ ತೆಗೆದು ಮೇಲೊಂದು ಕ್ಯಾಪ್ ಕೂಡಿಸಿದರೆ ಹಲ್ಲು ಉಳಿಯುತ್ತದಂತೆ ಎಂದು ಪಡಸಾಲೆಯಲ್ಲಿ ಕೂತು ಅತ್ತೆಗೆ ಹೇಳಿದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆಗ ಅವರು ನನಗೆ ದೇವರ ಹಾಗೆ ಕಂಡರು.

ಬಾಗಿಲ ಹಿಂದೆ ಯಾಕೆ ಅಂದರೆ, ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವ ಹಾಗಿರಲಿಲ್ಲ, ಮಾತಾಡುವ ಹಾಗಂತೂ ಇರಲೇ ಇಲ್ಲ. ಊಟಕ್ಕೆ ಬಡಿಸುವಾಗಲೂ ಸೆರಗು ಬಾಯಿ ಮುಚ್ಚಿರಬೇಕು. ಹೇಳುವುದಿದ್ದರೆ ಅತ್ತೆಯ ಮೂಲಕ ಹೇಳಿಸಬೇಕು. ಹೊಸದಾಗಿ ಬಂದಾಗ ಒಮ್ಮೆ ಮರೆತು, ನಿಮಗೆ ಯಾರೋ ಬಂದಾರ್ರಿ ಅಂದುಬಿಟ್ಟಿದ್ದೆ. ಭಾವನವರು ನನಗೆ ಏನೂ ಅನ್ನಲಿಲ್ಲ. ಒಳಗೆ ಹೋಗಿ, ಸೊಸೆಗೆ ರೀತಿ ಕಲಿಸು ಎಂದು ಅತ್ತೆಗೆ ಹೇಳಿದರು. ಅತ್ತೆ ಕಲಿಸಿದರು.

ದವಾಖಾನೆಗೆ ಹೋಗುವ ದಿನ ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಸ್ಪಷ್ಟವಾಗಿ ಹೇಳಿದೆ. “ಅತ್ತೀ, ಬಾಜೂ ಹಲ್ಲಿನ್ಹಂಗ ಬಿಳೇದs ಇರಲಿ ಅಂತ ಭಾವಾರಿಗೆ ಹೇಳ್ರಿ.” ಆಗಲಿ ಅಂದರು. ಭಾವನವರು ಚಪ್ಪಲಿ ಮೆಟ್ಟುವಾಗ ಅತ್ತೆ ಹೊರಗೆ ಹೋಗಿ ಹೇಳಿದ್ದು ಮಾತ್ರ ಬೇರೆ. “ಚಲೋದ ನೋಡಿ ಹಾಕಿಸ್ಕೊಂಡ ಬಾಪಾ, ಹೆಣ್ಮಗಳ ಮಾರಿ ಐತಿ.” ಅವರ ಮನಸ್ಸಿನಲ್ಲಿ ಎರಡೂ ಮಾತು ಒಂದೇ ಆಗಿತ್ತು. ಅತ್ತೆಗೆ ಒಲೆಯ ಮುಂದೆ ನೂರು ಯೋಚನೆ, ನಾನು ಹೇಳಿದ ಬಣ್ಣ ಯಾರಿಗೆ ನೆನಪು.

ಡಾಕ್ಟರು ಹಲ್ಲನ್ನು ಕೊರೆದು ಸಣ್ಣದು ಮಾಡಿದರು. ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ತೆಳ್ಳಗಾಯಿತೋ ಏನೋ ಎಂದು ನಾಲಗೆ ಪದೇಪದೇ ಅಲ್ಲಿಗೇ ಹೋಗುತ್ತಿತ್ತು. ಆಮೇಲೆ ಕಲಸಿದ ಹಿಟ್ಟಿನಂಥದ್ದನ್ನು ಒಂದು ತಟ್ಟೆಯಲ್ಲಿ ತುಂಬಿ ಬಾಯಿಗೊತ್ತಿ ಅಳತೆ ತೆಗೆದರು. ಅದನ್ನು ಬೆಳಗಾವಿಗೆ ಕಳಿಸಿ ಕ್ಯಾಪ್ ಮಾಡಿಸಿ ತರಿಸುವುದು ಕ್ರಮ. ನಾನು ಬಾಯಿ ಮುಕ್ಕಳಿಸಿ, ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲೇ ಕೂತಿದ್ದೆ. ಡಾಕ್ಟರು ನನ್ನನ್ನು ದಾಟಿ ಬಾಗಿಲ ಬಳಿ ನಿಂತಿದ್ದ ಭಾವನವರನ್ನು ಕೇಳಿದರು.

“ಯಾವ್ದ ಮಾಡಸೂಣ್ರಿ ಯಜಮಾನ್ರ? ಬಿಳೇದ ಐತಿ, ಬಂಗಾರದ್ದೂ ಆಗತೈತಿ.”

“ಬಂಗಾರದ್ದs ಮಾಡಸ್ರಿ,” ಅಂದರು ಭಾವನವರು. “ನಮ್ಮ ಮನಿ ಸೊಸಿ ಬಾಯಾಗ ಬ್ಯಾರೇದ ಯಾಕ?”

ಬೇಕಿದ್ದರೆ ಮನೆಯ ಬಂಗಾರವನ್ನೇ ತಂದುಕೊಡುವುದಾಗಿಯೂ ಹೇಳಿದರು. ಅಂಥ ಧಾರಾಳಿ. ಬೇಡ ಎಂಬ ಎರಡಕ್ಷರ ಗಂಟಲಲ್ಲೇ ಇತ್ತು. ಡಾಕ್ಟರ ಕಡೆ ನೋಡಿ ತಲೆ ಅಲ್ಲಾಡಿಸಿದೆ. ನೋವಾಗುತ್ತಿದೆ ಅಂದುಕೊಂಡು ಅವರು ಗುಳಿಗೆ ಬರೆದರು.

ಕ್ಯಾಪ್ ಬಂದ ದಿನ ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ಮುಖದ ನಟ್ಟನಡುವೆ ಹಳದಿ ತುಣುಕೊಂದು ಮಿಣಮಿಣ ಅನ್ನುತ್ತಿತ್ತು. ಹತ್ತಿ ಪೇಟೆಯ ಮುದುಕ ಸಾವಕಾರರ ಬಾಯಲ್ಲಿ ಅಂಥದ್ದನ್ನು ಕಂಡಿದ್ದೆ. ಅದನ್ನು ತಂದು ಇಪ್ಪತ್ತರ ಆಸುಪಾಸಿನ ಹುಡುಗಿಯ ಬಾಯಿಗೆ ಅಂಟಿಸಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಡಾಕ್ಟರು ಅದನ್ನು ನೋವೆಂದು ತಿಳಿದರು, ಭಾವನವರು ಸಂತೋಷವೆಂದು ತಿಳಿದರು.

ಮನೆಗೆ ಬಂದ ಮೇಲೆ ಓಣಿಯ ಹೆಣ್ಣುಮಕ್ಕಳೆಲ್ಲ ನೋಡಲು ಬಂದರು. ಕುಂಕುಮ ಹಚ್ಚಿಸಿಕೊಂಡು, ಎಲ್ಲಿ ನಗು ನೋಡೋಣ ಎಂದು ಗಲ್ಲ ಹಿಡಿದರು. ಎಂಥ ಭಾವ, ಪುಣ್ಯ ಮಾಡಿದೀ ಅಂದರು. ನಾನು ಒಳಗೊಳಗೇ ಹಲ್ಲು ಕಡಿದೆ, ಆ ಹಾಳು ಬಂಗಾರದ ಹಲ್ಲನ್ನೂ ಸೇರಿಸಿ. ಶನಿವಾರ ಗಂಡ ಬಂದರು. ಅವರಾದರೂ ಸಿಟ್ಟಾಗುತ್ತಾರೆ ಎಂದು ಕಾದಿದ್ದೆ. ದೀಪದ ಹತ್ತಿರ ಕರೆದು ನೋಡಿ, ಅಣ್ಣ ಇಷ್ಟು ಪ್ರೀತಿಯಿಂದ ಹಾಕಿಸಿದ್ದಾನೆ, ಬಿಡು ಅಂದರು. ತವರಿಗೆ ಹೋದರೆ ನನ್ನ ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ. ಬಾಯಿ ಮುಚ್ಚಿಕೊಂಡು ನಗಬೇಡ, ನಾಲ್ಕು ಜನ ನೋಡಲಿ ಅಂದಳು.

ಬೈದು ಹಾಕಿಸಿದ್ದರೆ ಜಗಳಾಡಬಹುದಿತ್ತು. ಪ್ರೀತಿಯಿಂದ ಮಾಡಿದ ಅನ್ಯಾಯಕ್ಕೆ ಜಗಳವಾಡಲೂ ದಾರಿಯಿಲ್ಲ, ಮೇಲೆ ಉಪಕಾರ ಬೇರೆ ನೆನೆಯಬೇಕು. ನಾನು ಸವದತ್ತಿಯ ಸಾಲಿಯಲ್ಲಿ ಕಲಿಯುವಾಗ ಮೂರು ಬೆಂಚು ದಾಟಿ ಕೇಳುವ ಹಾಗೆ ನಗುತ್ತಿದ್ದವಳು. ಆ ಹಲ್ಲು ಬಂದ ಮೇಲೆ ನಗು ತುಟಿಯೊಳಗೇ ಉಳಿಯಿತು. ಮಕ್ಕಳ ಜಾವಳದ ಫೋಟೋ, ನಾದಿನಿಯ ಮದುವೆಯ ಫೋಟೋ, ಎಲ್ಲದರಲ್ಲೂ ನಾನು ಯಾರ ಮೇಲೋ ಮುನಿಸಿಕೊಂಡವಳ ಹಾಗೆ ನಿಂತಿದ್ದೇನೆ. ಮುನಿಸಿಕೊಂಡೇ ಇದ್ದೆ.

ಮುಂದೆ ಮಕ್ಕಳ ಓದಿಗೆಂದು ನಾವು ರಾಮದುರ್ಗದಲ್ಲಿ ಮನೆ ಮಾಡಿದೆವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ಕ್ಯಾಪಿನ ಸುತ್ತ ವಸಡು ಕಪ್ಪಾಗಿ ಬಾತುಕೊಳ್ಳತೊಡಗಿತು. ಗಂಡ ಸಾಲಿಗೆ ಹೋಗಿದ್ದಾಗ ಒಬ್ಬಳೇ ಎದ್ದು ದವಾಖಾನೆಗೆ ಹೋದೆ. ಡಾಕ್ಟರು ಹೆಣ್ಣುಮಗಳು, ನನಗಿಂತ ಬಹಳ ಸಣ್ಣವಳು. ಒಳಗೆ ತಿಂದದ್ದು ಸೇರಿ ಕೊಳೆಯುತ್ತಿದೆ, ಹಳೆಯದನ್ನು ಕತ್ತರಿಸಿ ತೆಗೆದು ಹೊಸ ಕ್ಯಾಪ್ ಹಾಕಬೇಕು ಅಂದಳು. ಎಂಥದ್ದು ಬೇಕೆಂದು ಕೇಳುತ್ತಾಳೆಂದು ಆಸೆಯಿಂದ ನೋಡಿದೆ. ಅವಳು ಕೈ ತೊಳೆಯುತ್ತ, ಮನೆಯಲ್ಲಿ ಸರ್ ಅವರನ್ನೊಮ್ಮೆ ಕೇಳಿಕೊಂಡು ಬನ್ನಿ, ಬಂಗಾರ ತೆಗೆಯುವ ಮಾತು ನೋಡಿ ಅಂದಳು.

ಅಷ್ಟು ವರ್ಷದ ಸಿಟ್ಟೆಲ್ಲ ಆ ಪಾಪದ ಹುಡುಗಿಯ ಮೇಲೆ ಬಿತ್ತು.

“ಬಾಯಿ ನಂದೈತ್ರಿ. ನನ್ನs ಕೇಳ್ರಿ,” ಅಂದೆ.

ಅವಳು ಬಣ್ಣದ ಅಂದಾಜಿಗೆಂದು ಇಟ್ಟ ಮಾದರಿ ಹಲ್ಲುಗಳ ಪಟ್ಟಿಯನ್ನೂ ಕೈಗನ್ನಡಿಯನ್ನೂ ನನ್ನ ಕೈಗೆ ಕೊಟ್ಟಳು. ಒಂದೊಂದನ್ನೇ ಬಾಜೂ ಹಲ್ಲಿಗೆ ಹಿಡಿದು ನೋಡಿದೆ. ಸೀರೆ ಅಂಗಡಿಯಲ್ಲಿ ಕೂಡ ಅಷ್ಟು ಹೊತ್ತು ಕೂತವಳಲ್ಲ. ಅವಳು ಎಲ್ಲಕ್ಕಿಂತ ಬಿಳಿಯದನ್ನು ತೋರಿಸಿದಳು. ಚಹಾ ಕುಡಿದು ಕುಡಿದು ನನ್ನ ಹಲ್ಲು ಅಷ್ಟು ಬೆಳ್ಳಗಿಲ್ಲ, ಸ್ವಲ್ಪ ಮಾಸಿದ್ದನ್ನೇ ಆರಿಸಿದೆ. ಅದು ಬಂದು ಕೂತ ದಿನ ಯಾವುದು ಹೊಸದು, ಯಾವುದು ಹಳೆಯದು ಎಂದು ನನಗೇ ತಿಳಿಯಲಿಲ್ಲ. ದವಾಖಾನೆಯ ಮೆಟ್ಟಿಲ ಮೇಲೆ ಒಬ್ಬಳೇ ನಿಂತು ನಕ್ಕೆ. ಹಾದಿಯಲ್ಲಿ ಹೋಗುವವರು ತಿರುಗಿ ನೋಡಿದರು.

ಆ ವರ್ಷ ನಾಗರ ಪಂಚಮಿಗೆ ಬೈಲಹೊಂಗಲಕ್ಕೆ ಹೋದೆವು. ಅತ್ತೆ ತೀರಿಕೊಂಡಿದ್ದರು. ಭಾವನವರು ವಯಸ್ಸಾಗಿ ಪಡಸಾಲೆಯ ಮಂಚದ ಮೇಲೆ ಕೂತೇ ಇರುತ್ತಿದ್ದರು. ಮಾತು ಸಾಗಿಸುವವರು ಇಲ್ಲದೆ ನಾನು ಅವರ ಎದುರು ನಿಂತು ಬೇಕು ಬೇಡ ಕೇಳುವುದು ಒಂದೆರಡು ಹಬ್ಬದಿಂದ ನಡೆದಿತ್ತು. ಶೇಂಗಾದ ಉಂಡಿ ಕೊಡುವಾಗ ಅವರು ಮುಖ ಎತ್ತಿ ದಿಟ್ಟಿಸಿ, ಬಂಗಾರದ್ದು ಎಲ್ಲಿ ಹೋಯಿತು ಎಂದು ಕೇಳಿದರು. ತೆಗೆಸಿದೆ ಅಂದೆ. ತ್ರಾಸ ಕೊಟ್ಟಿತ್ತೇನು ಅಂದರು. ಹೌದು ವಸಡು ಬಾತಿತ್ತು ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ.

“ಮೊದಲನೇ ದಿನದಿಂದನೂ ನನಗ ಅದು ಬ್ಯಾಡಾಗಿತ್ರಿ,” ಅಂದೆ.

ಅವರ ಮುಖ ಸಪ್ಪಗಾಯಿತು. ಉಂಡಿ ಹಿಡಿದ ಕೈ ಹಾಗೇ ನಿಂತಿತು.

“ಬ್ಯಾಡಾಗಿದ್ರ ಅವತ್ತs ಒಂದ್ ಮಾತ ಹೇಳಬೇಕಿಲ್ಲೇನವಾ? ನಾ ಏನ್ ಆಗೂದಿಲ್ಲ ಅಂತಿದ್ನೇನು?”

ಅವರ ದನಿಯಲ್ಲಿ ಕಪಟವಿರಲಿಲ್ಲ. ಅದೇ ನನ್ನನ್ನು ಸುಟ್ಟಿತು. ನಾನು ಅಂದು ಸಹಜವಾಗಿ ಬಾಯಿಬಿಟ್ಟು ಹೇಳಬಹುದಿತ್ತು ಎಂದೇ ಅವರು ಅಷ್ಟೂ ವರ್ಷ ನಂಬಿಕೊಂಡಿದ್ದರು. ಸುಮ್ಮನಿದ್ದ ತಪ್ಪು ಈಗ ನನ್ನ ತಲೆಗೇ ಬಂದಿತ್ತು. ಉಂಡಿಯ ತಾಟು ಕೆಳಗಿಟ್ಟೆ.

“ಅವತ್ತ ನಾ ಬಾಯಿ ತಗದಿದ್ರ ಹಲ್ಲಿನ ಮಾತ ಯಾರೂ ಕೇಳತಿದ್ದಿಲ್ರಿ ಭಾವಾರ. ಭಾವನ ಎದುರಿಗೆ ಮಾತಾಡಿದ್ಲು, ರೀತಿ ಇಲ್ಲದಾಕಿ ಅಂತ ಆಗತಿತ್ತು.”

ಪಕ್ಕದ ಕೋಣೆಯಲ್ಲಿದ್ದ ಗಂಡ ಹೊರಗೆ ಬಂದು ನನ್ನನ್ನು ಸುಮ್ಮನಿರಿಸಲು ನೋಡಿದರು. ಭಾವನವರು ಅವರಿಗೆ ಕೈ ಅಡ್ಡ ಮಾಡಿದರು. ಕೈಯಲ್ಲಿದ್ದ ಉಂಡಿಯನ್ನು ಮಂಚದ ಅಂಚಿಗೆ ಇಟ್ಟರು.

“ಆಗತಿತ್ತು,” ಅಂದರು ಆಮೇಲೆ. “ನಾನs ಮೊದಲ ಅಂತಿದ್ನಿ.”