ನಿಂತ ರೈಲು ಕುಂತಾಗ

ಇದನ್ನು ಹೇಳಿಬಿಡಬೇಕೆಂದು ನಾನು ಮನಸ್ಸು ಮಾಡಿದ್ದು ಇದೇ ಮೊದಲಲ್ಲ. ಮೊಮ್ಮಗಳ ಮದುವೆ ಮುಗಿಯಲಿ ಅಂದೆ, ಕಣ್ಣಿನ ಪೊರೆ ತೆಗೆಸಿಕೊಳ್ಳೋಣ ಅಂದೆ, ಬಿಸಿಲು ಇಳಿಯಲಿ ಅಂದೆ. ರಾಯಚೂರಿನಲ್ಲಿ ಕೂತು ಬಿಸಿಲು ಇಳಿಯಲಿ ಅಂದರೆ ಆ ಕೆಲಸ ಮಾಡುವುದಿಲ್ಲ ಎಂದೇ ಅರ್ಥ. ಹೀಗೆ ತಪ್ಪಿಸಿಕೊಂಡು ತಿರುಗುತ್ತಿದ್ದ ನನ್ನನ್ನು ಕೊನೆಗೆ ಹಿಡಿದದ್ದು ಒಂದು ಸದ್ದು. ಹೋದ ತಿಂಗಳು ಸೊಸೆ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ, ಫೋನನ್ನು ಡಬ್ಬಿಗೆ ಆನಿಸಿ ಏನೋ ನೋಡುತ್ತಿದ್ದಳು. ಅದರೊಳಗಿಂದ 'ಖಟಕ್' ಎಂದು ಕಬ್ಬಿಣದ ಸಳಿಯೊಂದು ಕೊಕ್ಕೆಗೆ ಬಿದ್ದ ಸದ್ದು ಬಂತು. ನನ್ನ ಎಡಗಡೆಯ ಕೊರಳ ಎಲುಬು, ಮುರಿದು ಕೂಡಿ ಅರವತ್ತು ವರ್ಷದ ಹತ್ತಿರವಾದರೂ, ಹೆಸರು ಹಿಡಿದು ಕರೆದಂತೆ ಚುಳುಕ್ಕೆಂದಿತು.

ಎದ್ದು ಹೋಗಿ ನೋಡಿದೆ. ಯಾವುದೋ ದೇಶದ ಆಟದ ಬಯಲು. ಅಲ್ಲೊಂದು ದೊಡ್ಡ ಕಬ್ಬಿಣದ ಹಳಿ ಆಕಾಶದಲ್ಲಿ ಹಾವಿನಂತೆ ಸುತ್ತಿಕೊಂಡಿತ್ತು. ಅದರ ಮೇಲೆ ಜನ ನಿಂತುಕೊಂಡೇ ಹೋಗುವ ರೋಲರ್ ಕೋಸ್ಟರ್ ಅಂತೆ. ಇನ್ನು ಮುಂದೆ ಅದಕ್ಕೆ ಕುರ್ಚಿ ಹಾಕಿ, ಕೂತು ಹೋಗುವ ಹಾಗೆ ಮಾಡುತ್ತಾರಂತೆ. ಅದಕ್ಕಾಗಿ ಒಬ್ಬ ಧಡೂತಿ ಆಸಾಮಿ ಕಂಬ ತಬ್ಬಿಕೊಂಡು ಅಳುತ್ತಿದ್ದ. ಒಬ್ಬ ಹೆಂಗಸು ಕೊನೆಯ ಸವಾರಿ ಮುಗಿಸಿ ಬಂದು ಮತ್ತೆ ಪಾಳಿಯಲ್ಲಿ ನಿಂತಳು. ಸೊಸೆ ನಗುತ್ತಾ, "ಮಾವಾರ, ಇವ್ರಿಗೆ ಮನ್ಯಾಗ ಕೆಲ್ಸ ಇಲ್ಲೇನ್ರಿ? ನಿಂತ್ರೇನು, ಕುಂತ್ರೇನು?" ಅಂದಳು. ಅವಳ ಜೊತೆ ನಗಬೇಕಿತ್ತು. ಆದರೆ ಕಂಬ ತಬ್ಬಿಕೊಂಡವನನ್ನು ನಾನು ಮೊದಲೇ ಕಂಡಿದ್ದೆ. ಅವನು ಮಾನ್ವಿಯ ದರ್ಜಿಯಾಗಿದ್ದ, ಪಟ್ಟೆಪಟ್ಟೆ ಪೈಜಾಮ ತೊಟ್ಟಿದ್ದ.

ಮಾನ್ವಿಯಲ್ಲಿ ನಮ್ಮ ಮನೆ ಒಂದು ಅಕ್ಕಿ ಗಿರಣಿಯ ಬೆನ್ನಿಗಿತ್ತು. ಗಿರಣಿಯ ತೌಡಿನ ಬೆಚ್ಚನೆಯ ವಾಸನೆ ನಮ್ಮ ಹಾಸಿಗೆಗಳಲ್ಲಿ, ಅವ್ವನ ಸೆರಗಿನಲ್ಲಿ, ಹಬ್ಬದ ಹೋಳಿಗೆಯಲ್ಲೂ ಇರುತ್ತಿತ್ತು. ಅಪ್ಪ ಆ ಗಿರಣಿಯ ಫಿಟ್ಟರ್. ಹೊಟ್ಟು ಸಾಗಿಸುವ ತಳ್ಳುಗಾಡಿಗಳಿಗೆಂದು ಅಲ್ಲಿ ಸಣ್ಣ ಹಳಿ ಹಾಕಿದ್ದರು. ಮುಂದೆ ಹೊಟ್ಟನ್ನು ಗಾಳಿಯಲ್ಲೇ ಊದುವ ಯಂತ್ರ ಬಂದಾಗ ಹಳಿ, ಗಾಡಿ ಎಲ್ಲ ಮೂಲೆಗೆ ಬಿದ್ದವು. ಅಪ್ಪ ಅವನ್ನು ನಮ್ಮ ಹಿತ್ತಲಿಗೆ ಎಳೆದು ತಂದ. ಪಕ್ಕದ ಕಮ್ಮಾರ ಸಾಬರು ಆ ಹಳಿಗಳನ್ನು ಕುಲುಮೆಯಲ್ಲಿ ಕಾಯಿಸಿ ಒಂಟೆಯ ಬೆನ್ನಿನಂತೆ ಬಾಗಿಸಿಕೊಟ್ಟರು. ಇಬ್ಬರು ಆಳುಗಳು ಗಾಡಿಯನ್ನು ಎತ್ತರದ ಅಟ್ಟಕ್ಕೆ ತಳ್ಳಿ ಬಿಟ್ಟರೆ ಅದು ಗಡಗಡ ಇಳಿದು, ಡುಬ್ಬ ಹತ್ತಿ, ಮತ್ತೆ ಇಳಿದು, ಸುತ್ತು ಹಾಕಿ ಬಂದು ನಿಲ್ಲುತ್ತಿತ್ತು. ಒಂದು ಗಾಡಿಯಲ್ಲಿ ನಾಲ್ಕು ಜನ, ಮುಂದಿನ ಕಟ್ಟಿಗೆ ಹಿಡಿದು ನಿಂತುಕೊಳ್ಳಬೇಕು. ಜನರನ್ನು ನಿಲ್ಲಿಸಬೇಕೆಂದು ಯಾರೂ ಯೋಚಿಸಿ ಮಾಡಿದ್ದಲ್ಲ. ಕೂರುವ ಹಲಗೆಗೆ ಕಟ್ಟಿಗೆ ಸಾಲಲಿಲ್ಲ, ಅಷ್ಟೇ.

ಅದಕ್ಕೆ 'ನಿಂತ ರೈಲು' ಎಂದು ಹೆಸರಿಟ್ಟವನೂ ಅಪ್ಪನೇ. ಹೆಸರಿನ ತೊಡಕು ಅವನಿಗೆ ಹೊಳೆದದ್ದು ಬೋರ್ಡು ಬರೆಸಿದ ಮೇಲೆ. ಹಳಿ ಬಿಚ್ಚಿ ರಾಯಚೂರಿನ ನುಮಾಯಿಷ್‌ಗೆ, ಅಂದರೆ ವಸ್ತುಪ್ರದರ್ಶನಕ್ಕೆ, ಒಯ್ದಾಗ ಜನ ಬೋರ್ಡು ಓದಿ ಮುಂದೆ ಹೋಗಿಬಿಡುತ್ತಿದ್ದರು. "ನಿಂತ ರೈಲು ನೋಡಾಕ ರೊಕ್ಕ ಯಾಕ್ರಿ? ಟೇಸನ್ನಿನಾಗ ಪುಕ್ಕಟೆ ನಿಂತಿರ್ತಾವ," ಎಂದು ಒಬ್ಬ ಹೇಳಿದ್ದನ್ನು ಅಪ್ಪ ಸಾಯುವವರೆಗೂ ಮರೆಯಲಿಲ್ಲ. ದೇವದುರ್ಗದಲ್ಲಿ ಮಾತ್ರ ಈ ತೊಂದರೆ ಇರಲಿಲ್ಲ. ಅಲ್ಲಿ ರೈಲೇ ಇರಲಿಲ್ಲವಾದ್ದರಿಂದ ನಿಂತದ್ದಾದರೂ ಸರಿ, ಓಡಿದ್ದಾದರೂ ಸರಿ ಎಂದು ಮುಗಿಬೀಳುತ್ತಿದ್ದರು.

ಕಮ್ಮಾರ ಸಾಬರು ಬೇಗ ತೀರಿಹೋದರು. ಅವರ ಹೆಂಡತಿಗೆ ಮಕ್ಕಳಿರಲಿಲ್ಲ. ಅಪ್ಪ ಆಕೆಗೆ ನಮ್ಮ ಹಿತ್ತಲಲ್ಲೇ ತಗಡಿನ ಕೋಣೆ ಹಾಕಿಕೊಟ್ಟು, ರೈಲಿನ ಸಳಿಯ ಕೆಲಸ ವಹಿಸಿದ. ಗಾಡಿ ಹತ್ತುವುದು ಹಿಂದಿನಿಂದ. ನಾಲ್ವರೂ ಹತ್ತಿದ ಮೇಲೆ ಹಿಂಬದಿಗೆ ಅಡ್ಡಲಾಗಿ ಕಬ್ಬಿಣದ ಸಳಿ ಬೀಳಿಸಿ, ಕೊಕ್ಕೆಗೆ ಕೂತಿತೇ ಎಂದು ಒಮ್ಮೆ ಜಗ್ಗಿ ನೋಡಿ, "ಖಡೇ ರಹೋ", ನಿಂತೇ ಇರಿ, ಎಂದು ಕೂಗಬೇಕು. ಊರಿನವರೆಲ್ಲ ಆಕೆಯನ್ನು ಸಳಿ ಬೂಬವ್ವ ಎನ್ನುತ್ತಿದ್ದರು, ನಾವೂ ಹಾಗೆಯೇ. ಬೆನ್ನ ಹಿಂದೆ ಸಳಿ ಹಾಕುವುದು ಹೆಂಗಸೆಂದು ತಿಳಿದ ಮೇಲೆ ಹೆಂಗಸರು ಧೈರ್ಯವಾಗಿ ಹತ್ತತೊಡಗಿದರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬೂಬವ್ವನ ಮನೆಯ ನೀರು ಮುಟ್ಟುತ್ತಿರಲಿಲ್ಲ. ಆದರೆ ಆಕೆಯ ಕೈಯಿಂದ ಎಲೆ, ಅಡಿಕೆ, ತಂಬಾಕು ದಿನವೂ ತೆಗೆದುಕೊಳ್ಳುತ್ತಿದ್ದಳು. ಎಲೆಗೆ ಮಡಿಯಿಲ್ಲ ಎಂಬುದು ಆಯಿಯದೇ ಶಾಸ್ತ್ರ. ಮಧ್ಯಾಹ್ನ ಇಬ್ಬರೂ ಬೇವಿನ ಗಿಡದ ನೆರಳಲ್ಲಿ ಕಾಲು ಚಾಚಿ ಕೂತು, ಸತ್ತ ತಮ್ಮ ಗಂಡಂದಿರಲ್ಲಿ ಯಾರು ಹೆಚ್ಚು ಗೊರಕೆ ಹೊಡೆಯುತ್ತಿದ್ದರು ಎಂದು ವಾದ ಮಾಡುತ್ತಿದ್ದರು. ಆ ವಾದ ಎಂದೂ ತೀರ್ಮಾನಕ್ಕೆ ಬರಲಿಲ್ಲ.

ನಾನು ಎಂಟನೆಯ ಇಯತ್ತೆಯಲ್ಲಿದ್ದ ವರ್ಷ ರೈಲು ದೇವದುರ್ಗದ ಸಂತೆ ಬಯಲಿಗೆ ಹೋಗಿತ್ತು. ಆಗ ನನ್ನ ಜೀವದ ಆಸೆ ಎಂದರೆ ಬಸ್ಸಿನ ಕ್ಲೀನರ್ ಆಗುವುದು, ಒಂದು ಕೈಯಲ್ಲಿ ಕಂಬಿ ಹಿಡಿದು ಹೊರಗೆ ಜೋತಾಡುತ್ತಾ ಸೀಟಿ ಊದುವುದು. ಅವತ್ತು ನಾನು ಎಲ್ಲರ ಹಿಂದೆ ಹತ್ತಿ ನಿಂತ ಗಾಡಿಗೆ ಬೂಬವ್ವ ಸಳಿ ಹಾಕಿ, ಜಗ್ಗಿ ನೋಡಿ, ಕೂಗಿ, ಹಿಂದೆ ಸರಿದಳು. ಆಳುಗಳು ಅಟ್ಟದ ತುದಿಯಲ್ಲಿ ಕೈಬಿಟ್ಟದ್ದೇ, ಉಳಿದ ಮೂವರು ಮುಂದೆ ನೋಡುತ್ತಿರುವಾಗ, ನಾನು ಮೆಲ್ಲಗೆ ಸಳಿಯನ್ನು ಕೊಕ್ಕೆಯಿಂದ ಎತ್ತಿ ಬದಿಗಿಟ್ಟೆ, ಒಂದು ಕಾಲು ಹೊರಗೆ ಬಿಟ್ಟೆ, ಬಾಯಲ್ಲೇ ಸೀಟಿ ಹೊಡೆದೆ. ಮೊದಲ ಇಳಿಜಾರಿನಲ್ಲಿ ನನ್ನಂಥ ಕ್ಲೀನರ್ ಮೂರು ತಾಲ್ಲೂಕಿನಲ್ಲೇ ಇರಲಿಲ್ಲ. ಡುಬ್ಬ ಬಂದಾಗ ಗಾಡಿ ಅದನ್ನು ಹತ್ತಿತು, ನಾನು ಹತ್ತಲಿಲ್ಲ. ಹಾರಿ ಹೋಗಿ ಒಬ್ಬಳು ಮಾರಲಿಟ್ಟಿದ್ದ ಒಣಮೆಣಸಿನಕಾಯಿ ರಾಶಿಯಲ್ಲಿ ಬಿದ್ದೆ. ರಾಶಿ ಇಲ್ಲದಿದ್ದರೆ ಈ ಬರಹವೂ ಇರುತ್ತಿರಲಿಲ್ಲ. ಕೆಂಪು ಘಾಟು ಎದ್ದು ಅರ್ಧ ಸಂತೆ ಸೀನತೊಡಗಿತು. ತಕ್ಕಡಿ ಹಿಡಿದವರು ತೂಕ ಬಿಟ್ಟು ಸೀನಿದರು, ಮಾರಾಟಕ್ಕೆ ಬಂದಿದ್ದ ಎತ್ತುಗಳೂ ಸೀನಿದವು. ಅಪ್ಪ ಸೀನುತ್ತಲೇ ಓಡಿ ಬಂದು ನನ್ನನ್ನು ಎತ್ತಿದ. ಕೊರಳ ಎಲುಬು ಮುರಿದಿತ್ತು. ಆದರೆ ನನಗೆ ಅದಕ್ಕಿಂತ ಅಪ್ಪನ ಸೊಂಟದ ಚರ್ಮದ ಪಟ್ಟಿಯ ಭಯ ದೊಡ್ಡದಿತ್ತು.

"ಸಳಿ ಹಾಕಿದ್ದಿಲ್ಲೇನಲೇ?" ಎಂದು ಅಪ್ಪ ಕೇಳಿದ.

"ಬೂಬವ್ವ ಹಾಕಲೇ ಇಲ್ಲಪ್ಪಾ," ಅಂದೆ.

ಕಣ್ಣಿನಿಂದ ಧಾರಾಕಾರ ನೀರು ಸುರಿಯುತ್ತಿತ್ತು. ಅದು ಮೆಣಸಿನಕಾಯಿಯ ನೀರು. ಆದರೆ ಅಷ್ಟು ಅಳುವ ಹುಡುಗ ಸುಳ್ಳು ಹೇಳುತ್ತಾನೆಂದು ಯಾರಿಗೂ ಅನ್ನಿಸಲಿಲ್ಲ. ಬೂಬವ್ವ, "ಹಾಕಿದ್ದೆ ತಮ್ಮಾ, ಜಗ್ಗೀನೂ ನೋಡೀನಿ," ಅಂದಳು. ಅಂದು, ನನ್ನ ಮುಖ ನೋಡಿದಳು. ನಾನು ಅಪ್ಪನ ಪಟ್ಟಿಯ ಕಡೆ ನೋಡುತ್ತಿದ್ದೆ. ಆಕೆಯೂ ಅತ್ತ ನೋಡಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಮರ್ತಿರಬೇಕು ಬಿಡಪಾ. ವಯಸ್ಸಾತು," ಅಂದಳು. ಆಗ ಆಕೆಗೆ ವಯಸ್ಸೇನೂ ಆಗಿರಲಿಲ್ಲ.

ಅಪ್ಪ ಆಕೆಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಆಕೆಯೂ ತಿರುಗಿ ಬೈಯಬಹುದಿತ್ತು, ಜಗಳವಾದರೂ ಆಗುತ್ತಿತ್ತು. ಅಪ್ಪ ಸುಮ್ಮನೆ ಹಲಗೆ ತರಿಸಿದ. ಇನ್ನು ಎಲ್ಲರೂ ಕೂತೇ ಹೋಗಲಿ, ತೊಡೆಯ ಮೇಲೆ ಪಟ್ಟಿ ಬಿಗಿದರಾಯಿತು, ಸಳಿ ಬೇಡ ಎಂದ. ಸಳಿ ಬೇಡವೆಂದರೆ ಬೂಬವ್ವ ಬೇಡ ಎಂದಾಗುತ್ತದೆ.

ರೈಲು ಊರಿಗೆ ಮರಳಿ ಸುದ್ದಿ ಹಬ್ಬಿದಾಗ ಮಾನ್ವಿಯಲ್ಲಿ ಆದ ಗದ್ದಲವನ್ನು ನಾನು ಹೇಳಿದರೆ ಈಗಿನವರು ನಂಬುವುದಿಲ್ಲ. ಮೊದಲು ಬಂದವರು ಊರ ಸೊಸೆಯಂದಿರು. ಅವರ ತಕರಾರನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಅತ್ತೆ ಮಾವನ ಎದುರು ಸೊಸೆ ಕೂರುವಂತಿರಲಿಲ್ಲ, ಸಾಹುಕಾರನ ಸಮಕ್ಕೆ ಆಳು ಕೂರುವಂತಿರಲಿಲ್ಲ. ನಿಂತ ರೈಲಿನಲ್ಲಿ ಎಲ್ಲರೂ ನಿಂತಿರುತ್ತಿದ್ದುದರಿಂದ ಯಾರ ಮರ್ಯಾದೆಗೂ ಧಕ್ಕೆಯಿರಲಿಲ್ಲ. ಅತ್ತೆ, ಸೊಸೆ ಒಂದೇ ಗಾಡಿಯಲ್ಲಿ ನಿಂತು, ಇಳಿಜಾರಿನಲ್ಲಿ ಒಬ್ಬರ ತೋಳು ಒಬ್ಬರು ಹಿಡಿದು ಕಿರುಚಿ, ಇಳಿದ ಮೇಲೆ ಮತ್ತೆ ಮುಖ ಗಂಟು ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಕೂರುವ ರೈಲು ಬಂದರೆ ಅತ್ತೆ ಒಬ್ಬಳೇ ಹೋಗುತ್ತಾಳೆ ಎಂಬುದು ಅವರ ದುಃಖ. ಪೋತ್ನಾಳದಿಂದ ಒಂದು ಎತ್ತಿನ ಗಾಡಿ ತುಂಬ ಜನ ಬಂದು ಅಪ್ಪನಿಗೆ ಕೈ ಮುಗಿದರು. ನಮ್ಮ ಓಣಿಯ ದರ್ಜಿಯಂತೂ ಹಲಗೆ ಹೊಡೆಯುವ ಮುಂಚಿನ ಕೊನೆಯ ದಿನ ಬೆಳಿಗ್ಗೆಯಿಂದ ಇಳಿಯಲೇ ಇಲ್ಲ. ವಾಂತಿಯಾದರೂ ಬಾಯಿ ತೊಳೆದುಕೊಂಡು ಬಂದು ಹತ್ತಿದ. ಸಂಜೆ ಕಂಬ ತಬ್ಬಿಕೊಂಡು, "ಹಗಲೆಲ್ಲಾ ಕುಂತು ಹೊಲೀತೀನಿ ಯಪ್ಪಾ. ಇದೊಂದ ಕಡಿ ನಿಂತಿದ್ದೆ," ಎಂದು ಅತ್ತ. ಆಯಿ ಬಾಯಲ್ಲಿ ಎಲೆ ಇಟ್ಟುಕೊಂಡೇ, ಅಂಗಡಿಯಲ್ಲಿ ನಿಂತು ಹೊಲಿಯಬೇಡ ಅಂದವರ್ಯಾರು ಎಂದು ಕೇಳಿದಳು.

ಎಲ್ಲರಿಗೂ ಅಪ್ಪ ಹೇಳುತ್ತಿದ್ದುದು ಒಂದೇ: ನನ್ನ ಮಗ ಬಿದ್ದಿದ್ದಾನೆ. ಹಾಗಾಗಿ ಅಭಿಮಾನಿಗಳು ನನ್ನ ಕಡೆಗೆ ತಿರುಗಿದರು. ನಾನು ಕೈ ಜೋಲಿಗೆ ಹಾಕಿಕೊಂಡು ಮಂಚದಲ್ಲಿ ಮಲಗಿದ್ದೆ. ಒಬ್ಬಳು ಶೇಂಗಾದ ಉಂಡಿ ತಂದಳು, ಒಬ್ಬಳು ಗುಳ್ಳಡಕಿ ಉಂಡಿ ತಂದಳು. 'ನನಗೆ ಹೆದರಿಕೆಯಿಲ್ಲ, ನಿಂತೇ ಹೋಗಲಿ' ಎಂದು ಅಪ್ಪನಿಗೆ ಹೇಳು ಎಂದು ತಲೆ ನೇವರಿಸಿದರು. ನಾನು ತಲೆ ಅಲ್ಲಾಡಿಸಿ ಉಂಡಿ ತಿಂದೆ. ಒಂದು ಮಾತು ಹೇಳಿದ್ದರೆ ಎಲ್ಲ ಸರಿಯಾಗುತ್ತಿತ್ತು, ಆದರೆ ಉಂಡಿ ಬರುವುದು ನಿಲ್ಲುತ್ತಿತ್ತು, ಅಪ್ಪನ ಸೊಂಟದ ಪಟ್ಟಿ ಬಿಚ್ಚುತ್ತಿತ್ತು. ಆ ದಿನಗಳಲ್ಲೇ ಬೂಬವ್ವ ತಗಡಿನ ಕೋಣೆ ಗುಡಿಸಿ, ಎರಡು ಟ್ರಂಕು ಕಟ್ಟಿಕೊಂಡು ದೇವದುರ್ಗಕ್ಕೆ ತಮ್ಮನ ಮನೆಗೆ ಹೊರಟಳು. ಆಯಿ ಎಲೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೂಬವ್ವ ಒಳಗೆ ಬಂದು, ನನ್ನ ಜೋಲಿಯ ಗಂಟು ಸಡಿಲಾಗಿದ್ದನ್ನು ಕಂಡು ಬಿಗಿಯಾಗಿ ಕಟ್ಟಿ, ಅಭ್ಯಾಸಬಲದಿಂದ ಒಮ್ಮೆ ಜಗ್ಗಿ ನೋಡಿ ಹೋದಳು. ನನ್ನ ಬಾಯಿ ತುಂಬ ಉಂಡಿ ಇತ್ತು.

ಕೂರುವ ರೈಲು ಮೊದಲ ದಿನವೇ ಗೊಂದಲಕ್ಕೆ ಬಿತ್ತು. ಗಿರಣಿಯ ಸಾಹುಕಾರರು ಹಲಗೆಯ ನಡುವೆ ಕೂತರು. ಅವರ ಗುಮಾಸ್ತ ಹತ್ತಿ ಪಕ್ಕದಲ್ಲಿ ನಿಂತ. ಅಪ್ಪ ಕೂರು ಅಂದ. "ಸಾಹುಕಾರ್ರ ಬಾಜೂಕ ಹ್ಯಾಂಗ ಕುಂದ್ರಲ್ರಿ," ಅಂದ ಗುಮಾಸ್ತ. ಸಾಹುಕಾರರೇ ಕೂರು ಅಂದರು. ಅವರು ಹೇಳಿದಷ್ಟೂ ಅವನು ಇನ್ನಷ್ಟು ನೆಟ್ಟಗೆ ನಿಂತ. ಗಾಡಿ ಅಲ್ಲಾಡಲಿಲ್ಲ. ಜನರ ನಡುವಿನಿಂದ ಯಾರೋ, "ಈಗ ನೋಡ್ರಪಾ, ಖರೇನ ನಿಂತ ರೈಲಾತು," ಅಂದರು. ಅಪ್ಪ ಅದನ್ನೂ ಸಹಿಸಿದ. ಅವನಿಗೆ ಸಹಿಸಲಾಗದ್ದು ಕೆಲವು ದಿನದ ನಂತರ ಆಯಿತು. ಗಾಡಿ ಅಟ್ಟದಿಂದ ಇಳಿಯಲು ಶುರುವಾದಾಗ ಅದರಲ್ಲಿ ಕೂತಿದ್ದ ಹೊಸ ಸೊಸೆಯೊಬ್ಬಳಿಗೆ ಕೆಳಗೆ ಜನರ ನಡುವೆ ಮಾವ ಕಂಡ. ಅವಳು ಪಟ್ಟಿ ಬಿಚ್ಚಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಮರ್ಯಾದೆಯಿಂದ ಎದ್ದು ನಿಂತುಬಿಟ್ಟಳು. ಹಿಂದೆ ಸಳಿ ಇರಲಿಲ್ಲ. ಪಕ್ಕದವಳು ಸೀರೆ ಹಿಡಿದು ಎಳೆದು ಕೂರಿಸದಿದ್ದರೆ ಏನಾಗುತ್ತಿತ್ತೋ. ಗಾಡಿ ಬಂದು ನಿಂತಾಗ ಮಾವ ಅವಳ ಸಂಸ್ಕಾರ ಹೊಗಳುತ್ತಿದ್ದ. ಅಪ್ಪ ಬೆವರುತ್ತಿದ್ದ. ಅವತ್ತೇ ಹಳಿ ಕೀಳಿಸಿದ. ಅದು ಯಾರದೋ ದನದ ಕೊಟ್ಟಿಗೆಯ ಚಾವಣಿಗೆ ಹೋಯಿತು.

ಆಯಿ ಹೋದಳು, ಅಪ್ಪ ಅವ್ವ ಹೋದರು. ಗಿರಣಿ, ಬೇವಿನ ಗಿಡ, ತಗಡಿನ ಕೋಣೆ ಇದ್ದಲ್ಲಿ ಈಗ ಮೋಟರ್‌ಸೈಕಲ್ ಅಂಗಡಿಯ ಗಾಜಿನ ಗೋಡೆ ಇದೆ. ಬೂಬವ್ವ ನನಗೆ ಒಮ್ಮೆ ಮಾತ್ರ ಸಿಕ್ಕಳು. ನಾನು ಶಕ್ತಿನಗರದಲ್ಲಿ ಗೋದಾಮಿನ ಕೆಲಸಕ್ಕೆ ಸೇರಿದ ಹೊಸತು. ರಾಯಚೂರಿನ ಬಸ್ ನಿಲ್ದಾಣದಲ್ಲಿ ಆಕೆಯನ್ನು ಕಂಡು ಕಬ್ಬಿನ ಹಾಲಿನ ಗಾಡಿಯ ಹಿಂದೆ ಅಡಗಿದೆ. ಆಕೆಯೇ ಹುಡುಕಿಕೊಂಡು ಬಂದು, "ಶರಣ್ಯಾ, ಕೈ ನೆಟ್ಟಗಾತೇನೋ?" ಅಂದಳು. ಆಯಿತು ಬೂಬವ್ವ ಅಂದೆ. ಕೈ ಎತ್ತಿ ತಿರುಗಿಸಿಯೂ ತೋರಿಸಿದೆ. ಆಕೆಗೆ ತೃಪ್ತಿಯಾಯಿತು. ನನ್ನ ಬಸ್ಸು ಬಂತು. ಬರದಿದ್ದರೂ ನಾನು ಯಾವುದಾದರೂ ಬಸ್ಸು ಹತ್ತುತ್ತಿದ್ದೆ.

ಫೋನಿನಲ್ಲಿ ಆ ಸದ್ದು ಕೇಳಿದ ವಾರವೇ ದೇವದುರ್ಗಕ್ಕೆ ಹೋದೆ. ಬಿಸಿಲು ಇಳಿದಿರಲಿಲ್ಲ. ಓಣಿಯ ಬಾಯಲ್ಲಿದ್ದವರಿಗೆ ಸಳಿ ಬೂಬವ್ವನ ಮನೆ ಯಾವುದು ಎಂದೆ. "ಇಲ್ಲೆ ಮನಿಗೊಬ್ಬಾಕಿ ಬೂಬವ್ವ ಅದಾಳ್ರಿ. ಹೆಸರು ಹೇಳ್ರಿ," ಅಂದರು. ನನಗೆ ಹೆಸರು ಗೊತ್ತಿರಲಿಲ್ಲ. ಹನ್ನೆರಡು ವರ್ಷ ಆಕೆ ನಮ್ಮ ಹಿತ್ತಲಲ್ಲಿದ್ದಳು, ನಾನೆಂದೂ ಕೇಳಿರಲಿಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯಳೆಂದು ಒಬ್ಬ ಮುದುಕಿಯ ಎದುರು ನನ್ನನ್ನು ಕೂರಿಸಿದರು. ಕಣ್ಣು ಮಬ್ಬು, ಕಿವಿ ದೂರ. ಆಕೆಯೇ ಇರಬೇಕೆಂದು, ಸಳಿ ತೆಗೆದದ್ದು ನಾನೇ, ಸುಳ್ಳು ಹೇಳಿದೆ, ತಪ್ಪಾಯಿತು ಎಂದು ಎಲ್ಲವನ್ನೂ ಹೇಳಿ ಕಾಲು ಮುಟ್ಟಿದೆ. ಮುದುಕಿ ನನ್ನ ತಲೆಯ ಮೇಲೆ ಕೈಯಿಟ್ಟು, "ಮಾಫ್ ಮಾಡೀನಿ, ಹೋಗಪಾ," ಅಂದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಯಾರಬೇ ಇಂವ?" ಎಂದು ಕೇಳಿದಳು. ಆಕೆ ಎಂದೂ ಮಾನ್ವಿಗೆ ಕಾಲಿಟ್ಟವಳೇ ಅಲ್ಲ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಚಹಾ ಕೊಟ್ಟರು. ಕುಡಿಯುವಾಗ ಮುದುಕಿ ಏನನ್ನೋ ನೆನೆಸಿಕೊಂಡು, ಮಾನ್ವಿಯಿಂದ ತಿರುಗಿ ಬಂದವಳೊಬ್ಬಳು ಪಕ್ಕದ ಮನೆಯಲ್ಲಿದ್ದಳು, ಬಾಗಿಲ ಚಿಲಕ ಹಾಕಿದರೆ ಒಮ್ಮೆ ಜಗ್ಗಿ ನೋಡದೆ ಮಲಗುತ್ತಿರಲಿಲ್ಲ, ತೀರಿಹೋಗಿ ಬಹಳ ವರ್ಷವಾಯಿತು ಎಂದಳು. ನಾನು ಹೆಸರು ಕೇಳಿದೆ. ಕಿವಿಯ ಹತ್ತಿರ ಬಾಗಿ ಎರಡು ಸಲ ಕೇಳಿದೆ. ಮುದುಕಿ ಹೇಳಿದಳು.

ಶಹಜಾದ್‌ಬೀ.