ಟೈಪಿಂಗ್ ಅಕ್ಕ ಹೇಳಿದ ಸಾಕ್ಷಿ

ಟೈಪಿಂಗ್ ಅಕ್ಕನ ಎರಡು ತೋರುಬೆರಳುಗಳ ತುದಿ ಚಪ್ಪಟೆಯಾಗಿ, ಉಗುರಿನ ಸುತ್ತ ರಿಬ್ಬನ್ನಿನ ಮಸಿ ಹತ್ತಿ ಕಪ್ಪಾಗಿತ್ತು. ಪಾಂಡವಪುರದ ತಾಲ್ಲೂಕು ಕಚೇರಿಯ ಎದುರು ತಗಡಿನ ಸೂರಿನಡಿ ಕೂತು, ಆ ಎರಡೇ ಬೆರಳಲ್ಲಿ ಊರವರ ಅಫಿಡವಿಟ್ಟುಗಳನ್ನೆಲ್ಲ ಕುಟ್ಟುತ್ತಿದ್ದಳು. ಯಾರು ಬಂದರೂ ತಲೆ ಎತ್ತುತ್ತಿರಲಿಲ್ಲ. ದನಿ ಕೇಳಿಯೇ ಯಾವೂರು, ಯಾರ ಮನೆ ಎಂದು ಹೇಳಿಬಿಡುವಳು.

ನನಗೂ ಅವಳಿಗೂ ಮೊದಲಿಂದಲೂ ಆಗುತ್ತಿರಲಿಲ್ಲ. ವಕೀಲಿಕೆ ಮಾಡಿಕೊಂಡಿದ್ದ ನಾನು ನೋಟರಿಯಾದಾಗ ಅವಳ ಪಕ್ಕದಲ್ಲೇ ಮೇಜು ಹಾಕಿದೆ; ನೆರಳಿಗೆ ಬೇರೆ ಜಾಗವಿರಲಿಲ್ಲ. ಬೆಳಿಗ್ಗೆ ಬರುವಷ್ಟರಲ್ಲಿ ನನ್ನ ಕುರ್ಚಿಯನ್ನು ಬಿಸಿಲಿಗೆ ತಳ್ಳಿರುತ್ತಿದ್ದಳು. ನಾನು ಆನ್‌ಲೈನಿನಲ್ಲಿ ನೋಟರಿ ಮಾಡತೊಡಗಿದ ಮೇಲಂತೂ ಹಗೆ ಬಲಿಯಿತು. ಸಹಿಯಾದ ಕಾಗದ ಮೊದಲೇ ಬಂದಿರುತ್ತಿತ್ತು. ಜನ ವಿಡಿಯೊದಲ್ಲಿ ಮುಖ, ಆಧಾರ್ ಕಾರ್ಡು ತೋರಿಸುವುದು, ನಾನು ಸೀಲು ಒತ್ತುವುದು. ಎದುರಿಗೆ ಬಂದೇ ಸಹಿ ಮಾಡಬೇಕೆಂಬ ನಿಯಮ ನನಗೆ ಗೊತ್ತಿತ್ತು. ಇವತ್ತಲ್ಲ ನಾಳೆ ಬದಲಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಕ್ಕನ ಮುಂದೆ ಜನ ಕಮ್ಮಿಯಾದರು. ಬಂದವರೆದುರಿಗೆಲ್ಲ ನನ್ನನ್ನು "ಫೋನ್ ನೋಟ್ರಿ" ಎಂದು ಆಡಿಕೊಂಡಳು. ನಾನೂ ಬಿಡಲಿಲ್ಲ, ಆ ಮಿಷನ್ನನ್ನು ಗುಜರಿಗೆ ಹಾಕು ಎಂದೆ.

ಒಂದು ಮಧ್ಯಾಹ್ನ ಸಂತೆಬಾಚಹಳ್ಳಿಯಿಂದ ಹೆಂಗಸೊಬ್ಬಳು ವಿಡಿಯೊದಲ್ಲಿ ಬಂದಳು. ಅಪ್ಪನ ಗದ್ದೆಯಲ್ಲಿ ತನಗೆ ಪಾಲು ಬೇಡ, ಎಲ್ಲ ತಮ್ಮನ ಹೆಸರಿಗಾಗಲಿ ಎಂಬ ಅಫಿಡವಿಟ್ಟು. ಹೆಸರು ಕೇಳಿದೆ, ಹೇಳಿದಳು. ಮುಖ ಕಾರ್ಡಿನ ಫೋಟೊದಂತೆಯೇ ಇತ್ತು. ಪಕ್ಕದಲ್ಲಿ ಟೈಪಿಂಗ್ ಸದ್ದು ನಿಂತಿತು. ಸಂತೆಬಾಚಹಳ್ಳಿ ಅಕ್ಕನ ತವರು.

"ಅವ್ಳಲ್ಲ ಕಣಮ್ಮಿ ಅದು, ಅವ್ಳ ತಂಗಿ. ದೊಡ್ಡೋಳ್ದು ಗೊಗ್ಗರು ದನಿ," ಎಂದಳು.

ಹೊಟ್ಟೆಕಿಚ್ಚು ಎಂದುಕೊಂಡೆ. ಅವಳು ನೋಡುತ್ತಿದ್ದಂತೆಯೇ ಸೀಲು ಒತ್ತಿದೆ.

ನಾಲ್ಕು ತಿಂಗಳಿಗೆ ಆ ದೊಡ್ಡವಳು ನನ್ನ ಮೇಲೆ ದೂರು ಬರೆದು ಕಳಿಸಿದಳು. ವಿಚಾರಣೆಗೆ ಅವಳ ಬದಲು ವಕೀಲರು ಬರುವವರಿದ್ದರು; ಸಾಕ್ಷಿ ಹೇಳಲು ಅಕ್ಕನನ್ನೂ ಕರೆದರು. ಹಿಂದಿನ ದಿನ ಅವಳೆದುರು ನಿಂತು, ಆವತ್ತಿನದು ನೆನಪಿಲ್ಲ ಅಂದುಬಿಡಕ್ಕ ಎಂದು ಬೇಡಿಕೊಂಡೆ. ಅವಳು ಟೈಪು ಮಾಡುತ್ತಲೇ ಇದ್ದಳು. ಮರುದಿನ ಅಧಿಕಾರಿಯ ಮುಂದೆ ಒಂದಕ್ಷರ ಬಿಡದೆ ಹೇಳಿದಳು, ನಾನು ಬೇಡಿಕೊಂಡದ್ದನ್ನೂ ಸೇರಿಸಿ. ಹೊರಗೆ ಬಂದಾಗ, ನಿನ್ನ ಹಗೆ ತೀರಿತಾ ಎಂದು ಕೇಳಿದೆ.

"ನಿನ್ ಕಂಡ್ರೆ ನಂಗಾಗಕಿಲ್ಲ, ಅದು ಬ್ಯಾರೆ. ಆವಮ್ಮ ಗದ್ದೆ ಕಳ್ಕಂಡು ಏನ್ ಮಾಡಾಳು?" ಎಂದವಳೇ ಬಸ್ಸು ಹತ್ತಿದಳು.

ಆ ಅಫಿಡವಿಟ್ಟು ಬಿದ್ದುಹೋಯಿತು, ನನ್ನ ನೋಟರಿಗಿರಿಯೂ ಹೋಯಿತು. ಆಮೇಲೆ ಅವಳ ಮುಖ ನೋಡಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡಳು. ಯಾಕೆ ಹೋದೆನೋ, ಮಣ್ಣಿಗೆ ಹೋದೆ. ಅಂಗಳದಲ್ಲಿ ಹೆಂಗಸೊಬ್ಬಳು ಹೆಣದ ಕಾಲು ಮುಟ್ಟಿ, ಕಣ್ಣೊರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ಕೂತಳು. ಫೋನಿನಲ್ಲಿ ಕಂಡಿದ್ದ ಅದೇ ಮುಖ, ನಾಲ್ಕೈದು ವರ್ಷ ಹೆಚ್ಚಾದಂತಿತ್ತು.

"ನೀವ್ಯಾರವ್ವಾ, ಗೊತ್ತಾಗ್ನಿಲ್ಲ," ಎಂದಳು. ಗೊಗ್ಗರು ದನಿ; ಇವಳೇ ದೊಡ್ಡವಳು ಎಂದು ಗೊತ್ತಾಯಿತು.

ನನ್ನೆದುರಿಗೇ ಸಹಿ ಮಾಡಿದ್ದಾಳೆ ಎಂದು ಅವಳ ಹೆಸರಿನ ಕೆಳಗೆ ಸೀಲು ಒತ್ತಿದ್ದವಳು ನಾನು. ಅಕ್ಕನ ಪಕ್ಕದಲ್ಲಿ ಕೂರುತ್ತಿದ್ದೆ ಎಂದಷ್ಟೇ ಹೇಳಿದೆ.